ಆಲಿಸುವವರ ಆಯಾಸ

ಪರರ ದುಃಖವನ್ನು ಆಲಿಸುವುದನ್ನೇ ಕಾಯಕವಾಗಿ ಸ್ವೀಕರಿಸಿದವನು ತನ್ನ ದಣಿವನ್ನು ಹೇಳಿಕೊಂಡರೆ ಅದು ಸ್ವಾರ್ಥವೆನಿಸುವುದೆ? ಮನೋಚಿಕಿತ್ಸಕರು, ಆಪ್ತಸಮಾಲೋಚಕರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದು ವಿರಳ. ಸೇವೆಯೆಂದ ಮೇಲೆ ವಿಶ್ರಾಂತಿಯ ಮಾತೇಕೆಂದು ಲೋಕವೂ ಗದರುತ್ತದೆ, ಎಷ್ಟೋ ವೇಳೆ ಅವರ ಅಂತಃಕರಣವೂ ಗದರುತ್ತದೆ.

ಈ ದಣಿವಿನತ್ತ ವಿದ್ವಾಂಸರ ಗಮನವನ್ನು ಸೆಳೆದವರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮೊದಲಿಗರು. ಜರ್ಮನಿಯಲ್ಲಿ ಜನಿಸಿ, ನಾಜಿಗಳ ಹಿಂಸೆಯ ದೆಸೆಯಿಂದ ಬಾಲ್ಯದಲ್ಲಿಯೇ ಅಮೆರಿಕೆಗೆ ಬಂದವರು. ನ್ಯೂಯಾರ್ಕಿನಲ್ಲಿ ಹಗಲೆಲ್ಲ ಸ್ವಂತ ಚಿಕಿತ್ಸಾಲಯ. ಇರುಳು ಉಚಿತ ಚಿಕಿತ್ಸಾಲಯವೊಂದರಲ್ಲಿ ಸೇವೆ. ಅಲ್ಲಿಯ ಸ್ವಯಂಸೇವಕರು ಕಾಲಕ್ರಮದಲ್ಲಿ ಸಿಡುಕರೂ ನಿರುತ್ಸಾಹಿಗಳೂ ಆಗುವುದನ್ನು ಕಂಡು 1974ರಲ್ಲಿ ಲೇಖನ ಬರೆದು, ಆ ಸ್ಥಿತಿಯನ್ನು ‘ಬರ್ನ್‌ಔಟ್’ ಎಂದು ಕರೆದರು. ಸ್ವತಃ ಅವರೂ ಅದಕ್ಕೆ ತುತ್ತಾಗಿದ್ದರು. ಅವರು ಕಂಡ ಸಂಗತಿ ವಿಚಿತ್ರವಾದುದು: ಹೀಗೆ ಬೆಂದುಹೋಗುವವರು ಮೈಗಳ್ಳರಲ್ಲ, ಅತ್ಯಂತ ನಿಷ್ಠಾವಂತರು.

ಕ್ರಿಸ್ಟಿನಾ ಮ್ಯಾಸ್ಲಾಕ್ ಅವರು ಸೂಸನ್ ಜಾಕ್ಸನ್ ಅವರೊಡನೆ 1981ರಲ್ಲಿ ಪ್ರಕಟಿಸಿದ ಅಳತೆಗೋಲು ಇದರಲ್ಲಿ ಮೂರು ಲಕ್ಷಣಗಳನ್ನು ಗುರುತಿಸಿತು. ಭಾವನೆಗಳು ಬತ್ತುವುದು, ಎದುರಿಗೆ ಕುಳಿತವನು ಮನುಷ್ಯನಾಗಿ ತೋರದಿರುವುದು, ತನ್ನ ಕೆಲಸವೇ ನಿಷ್ಫಲವೆನಿಸುವುದು. ಇವುಗಳಲ್ಲಿ ಎರಡನೆಯದೇ ಧರ್ಮಸೂಕ್ಷ್ಮವುಳ್ಳದ್ದು. ದುಃಖಿಯ ಹೆಸರು ಮರೆತು ‘ನಾಲ್ಕು ಗಂಟೆಯ ಕೇಸು’ ಎಂಬಷ್ಟೇ ನೆನಪಿನಲ್ಲುಳಿದರೆ, ಆತ ಬರದಿದ್ದ ದಿನ ಒಳಗೊಳಗೇ ಸಮಾಧಾನವಾದರೆ, ದಣಿವು ಆಗ ಚಿಕಿತ್ಸಕನೊಬ್ಬನ ಸ್ವಂತ ವಿಷಯವಾಗಿ ಉಳಿಯದು. ಇನ್ನೊಂದು ಜೀವಕ್ಕೆ ನೋವಾಗತೊಡಗುತ್ತದೆ. ವ್ಯಾಪಾರಿಗೆ ನಷ್ಟವನ್ನು ತೋರಿಸಲು ಖಾತೆ ಪುಸ್ತಕವಿದೆ. ಇಲ್ಲಿ ಅಂಥದೇನೂ ಇಲ್ಲ.

ಮತ್ತೊಂದು ತೊಡಕುಂಟು. ಅಂಗಡಿಯಲ್ಲಿ ಬಾಕಿ ಮುಳುಗಿದರೆ ಗೃಹಸ್ಥನು ಮನೆಗೆ ಬಂದು ಹೆಂಡತಿಯೊಡನೆ ಹೇಳಿ ಹಗುರಾಗುತ್ತಾನೆ. ಚಿಕಿತ್ಸಕನಿಗೆ ಆ ಬಾಗಿಲೂ ಮುಚ್ಚಿದೆ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ವಿಧಿಸಿದೆ. ಆದುದರಿಂದ ಗೌಪ್ಯ ಕೆಡದಂತೆ ಹಿರಿಯ ಚಿಕಿತ್ಸಕರೊಬ್ಬರ ಬಳಿ ನಿಯತವಾಗಿ ಸಮಾಲೋಚಿಸುವುದು, ಘೋರ ಆಘಾತಕ್ಕೊಳಗಾದವರನ್ನೇ ಒಂದೇ ದಿನ ಸಾಲಾಗಿ ಕಾಣದಿರುವುದು, ಇಬ್ಬರ ನಡುವೆ ತುಸು ಬಿಡುವಿರಿಸಿಕೊಳ್ಳುವುದು ಇವು ಐಷಾರಾಮಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಇದನ್ನು ರೋಗವೆಂದೆಣಿಸದೆ, ಕೆಲಸದ ಸ್ಥಳದ ನಿರಂತರ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ವಿವರಿಸಿತು. ದಿನವಿಡೀ ಬಿಡುವಿಲ್ಲದೆ ದುಡಿಸಿಕೊಂಡು, ಸಂಜೆ ಧ್ಯಾನ ಮಾಡಿರೆಂದು ಉಪದೇಶಿಸುವ ಆಡಳಿತ ಮಂಡಳಿಗಳು ತಮ್ಮ ಪಾಲಿನ ಹೊಣೆಯನ್ನು ನೌಕರನ ಹೆಗಲಿಗೇ ಹೊರಿಸುತ್ತವೆ.

ರೋಗಿಗಳ ಹಾಗೂ ತ್ಯಾಗಿಗಳ ಶುಶ್ರೂಷೆಯಾದ ವೈಯಾವೃತ್ಯವನ್ನು ಜೈನಶಾಸ್ತ್ರವು ಅಂತರಂಗ ತಪಸ್ಸುಗಳಲ್ಲಿ ಎಣಿಸಿದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಹೇಳುವ ಹದಿನಾರು ಭಾವನೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಅದೇ ಪಟ್ಟಿಯಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣ ಕೂಡಿದೆ. ಇದನ್ನು ಅಶಕ್ತರಿಗಿತ್ತ ವಿನಾಯಿತಿಯೆಂದಷ್ಟೇ ತಿಳಿಯುವುದು ರೂಢಿ. ಆದರೆ ಉತ್ಸಾಹಿಗೂ ಇದು ಎಲ್ಲೆಯನ್ನು ತೋರುತ್ತದೆ. ಅಸಲಿಗೇ ಕೈಹಾಕಿ ದಾನ ಮಾಡುವವನ ಅಂಗಡಿ ಬಹುಕಾಲ ತೆರೆದಿರದು.

ಇಂದು ಸಮಾಜದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಮದುವೆಯ ಪಂಕ್ತಿಯಲ್ಲಿ ಕುಳಿತ ಅಂಥವಳನ್ನು ಬಂಧುಗಳು ಸುತ್ತುವರಿದು, ತಮ್ಮ ಮಗನ ಹಠಕ್ಕೋ ಸೊಸೆಯ ಮೌನಕ್ಕೋ ಅಲ್ಲಿಯೇ ಪರಿಹಾರ ಕೇಳುವುದುಂಟು. ಆಕೆಗೆ ಅಂದು ರಜೆಯೆಂಬುದು ಯಾರಿಗೂ ಹೊಳೆಯುವುದಿಲ್ಲ. ಹೋಳಿಗೆ ಎಲೆಯಲ್ಲಿಯೇ ಆರುತ್ತಿರುತ್ತದೆ.