ಹನ್ನೊಂದು ತಿಂಗಳ ಮನೆ

ಹಾನಗಲ್ಲಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಕಲೆ ಇತ್ತು. ಮೊದಲ ಮಳೆಗಾಲದಲ್ಲಿ ಅಂಗೈಯಷ್ಟಿದ್ದದ್ದು ಎರಡನೆಯದರಲ್ಲಿ ಮೊರದಷ್ಟಾಯಿತು. ಮೇಲೆ ಹಂಚು ಸರಿದು ನೀರು ಮಣ್ಣಿನ ಗೋಡೆಯ ನೆತ್ತಿಗೇ ಇಳಿಯುತ್ತಿತ್ತು. ನಾನು ಕೆಳಗೊಂದು ಬಕೆಟ್ ಇಟ್ಟೆ. ಮಾಲಕರಿಗೆ ಹೇಳಲಿಲ್ಲ. ಹೇಳಿದರೆ ರಿಪೇರಿಯ ನೆಪದಲ್ಲಿ ಬಾಡಿಗೆ ಏರಿಸಿಯಾರು ಎಂಬ ಅಂಜಿಕೆ ಒಂದು, ಹೇಗೂ ವರ್ಗವಾಗಿ ಹೋಗುವವನು ಎಂಬ ಉದಾಸೀನ ಇನ್ನೊಂದು. ವರ್ಗವಾಯಿತು, ಹೋದೆ. ನನ್ನ ನಂತರ ಬಂದ ಕುಟುಂಬ ಅಲ್ಲಿದ್ದಾಗ ಶ್ರಾವಣದ ಒಂದು ರಾತ್ರಿ ಆ ಗೋಡೆ ಒಳಮುಖವಾಗಿ ಬಿತ್ತು. ಸರಿರಾತ್ರಿಯಾದ್ದರಿಂದ ಒಲೆಯ ಮುಂದೆ ಯಾರೂ ಇರಲಿಲ್ಲ. ಸುದ್ದಿ ತಿಳಿಸಿದ ಗೆಳೆಯ, "ಪುಣ್ಯಾ ಮಾಡೀಯಪಾ, ನೀ ಇದ್ದಾಗ ಬೀಳಲಿಲ್ಲ" ಅಂದ. ಆ ಮಾತಿನಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

2019ರ ಆಗಸ್ಟಿನ ನೆರೆಯಂಥದ್ದು ಬಂದು ಗೋಡೆ ಬಿದ್ದಿದ್ದರೆ ಯಾರನ್ನು ದೂರುವುದು? ಆದರೆ ಈ ಗೋಡೆಯನ್ನು ಕೆಡವಿದ್ದು ಎರಡು ವರ್ಷಗಳ ಕಾಲ ನಾನು ನೋಡುತ್ತಲೇ ಇದ್ದ ನೀರು. ಹಾಗಾದರೆ ಬಾಡಿಗೆ ಮನೆಯ ದುರಸ್ತಿ ಯಾರ ಹೊಣೆ? ಮನೆ ಯಾರದೋ ಅವರದು ಎನ್ನುವುದು ಸುಲಭದ ಉತ್ತರ. ನಾನೂ ಬಹಳ ದಿನ ಅದರ ಹಿಂದೆಯೇ ಅಡಗಿಕೊಂಡಿದ್ದೆ.

ಕಾನೂನು ಏನೆನ್ನುತ್ತದೆ ಎಂದು ಹುಡುಕಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಮಾಲಕ ಮತ್ತು ಬಾಡಿಗೆದಾರರ ಹಕ್ಕುಬಾಧ್ಯತೆಗಳನ್ನು ಪಟ್ಟಿ ಮಾಡುತ್ತದೆ. ಬಾಡಿಗೆದಾರ ಮನೆಯನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜ ಸವಕಳಿಗೆ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗೆ ಮಾತ್ರ ವಿನಾಯಿತಿ. ಮಾಲಕ ತಾನು ಮಾಡಿಸಲೇಬೇಕಾದ ದುರಸ್ತಿಯನ್ನು, ನೋಟಿಸು ಕೊಟ್ಟ ಮೇಲೂ, ಯುಕ್ತ ಸಮಯದಲ್ಲಿ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದನ್ನು ಓದಿದಾಗ ಬೆರಗಾದೆ. ನಮ್ಮ ತಾಲೂಕು ಊರುಗಳಲ್ಲಿ ಇದನ್ನು ಬಲ್ಲ ಬಾಡಿಗೆದಾರರನ್ನು ನಾನು ಕಂಡಿಲ್ಲ. ಆದರೆ ಅದೇ ಕಲಮಿನ ಆರಂಭದಲ್ಲೇ ಒಂದು ಷರತ್ತಿದೆ: ಬೇರೆ ಕರಾರಾಗಲಿ, ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದಲ್ಲಿ ಮಾತ್ರ ಇವು ಅನ್ವಯ. ಅಂದರೆ ಕಾನೂನು ತಾನೇ ಸರಿದು ಊರ ರೂಢಿಗೆ ದಾರಿ ಬಿಡುತ್ತದೆ. ನಮ್ಮ ರೂಢಿಯೇನು?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ಎಲ್ಲಿ ಮನೆ ಹುಡುಕಿದರೂ ಸಂಭಾಷಣೆ ಒಂದೇ. ಮಾಲಕರು ಕೇಳುತ್ತಾರೆ: ಯಾವ ಊರು, ಯಾವ ಮಂದಿ, ಏನು ಉಣ್ಣುತ್ತೀರಿ, ಎಷ್ಟು ಜನ, ಬಂದುಹೋಗುವವರು ಬಹಳವೇ? ನಾವು ಕೇಳುವುದು: ನೀರು ದಿನಾ ಬರುತ್ತದೆಯೇ, ಮುಂಗಡ ಎಷ್ಟು? ಅವರು ನಮ್ಮನ್ನು ತೂಗುತ್ತಾರೆ, ನಾವು ಬೆಲೆಯನ್ನು. ತಲೆಯೆತ್ತಿ ಸೂರಿನ ಕಡೆ ಯಾರೂ ನೋಡುವುದಿಲ್ಲ.

ಆಮೇಲೆ ಬರುತ್ತದೆ ಹನ್ನೊಂದು ತಿಂಗಳ ಕರಾರು. ಒಂದು ವರ್ಷ ಮೀರುವ ಗೇಣಿ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳು. ಇದು ಬರೀ ಕಾಗದದ ಉಪಾಯ, ಅದೇ ಮನೆಯಲ್ಲಿ ಹತ್ತು ವರ್ಷ ಇದ್ದವರಿದ್ದಾರೆ. ಆದರೂ ಆ ಅವಧಿ ಮನಸ್ಸಿನೊಳಗೆ ಇಳಿದುಬಿಡುತ್ತದೆ. ಹನ್ನೊಂದು ತಿಂಗಳಿನವನು ಹಿತ್ತಿಲಲ್ಲಿ ಕರಿಬೇವು ನೆಡುವುದಿಲ್ಲ. ಮಾಲಕನೂ ಅಷ್ಟೇ: "ಇವರು ಹೋದ ಮೇಲೆ ಮಾಡಿಸಿದರಾಯಿತು" ಎನ್ನುತ್ತಾನೆ. ಹೋದ ಮೇಲೆ, ಸುಣ್ಣ ಬಳಿದರೆ ಸಾಕು ಎನಿಸುತ್ತದೆ. ಹೀಗೆ ಕಲೆಯ ಮೇಲೆ ಸುಣ್ಣ ಕೂರುತ್ತದೆ.

ಹಿಂದೆ ಸೂರುಗಳೇ ಮನುಷ್ಯರನ್ನು ಮೇಲೆ ಹತ್ತಿಸುತ್ತಿದ್ದವು. ಹಾನಗಲ್ಲಿನ ಅರೆಮಲೆನಾಡಿನಲ್ಲಿ ಮುಂಗಾರಿಗೆ ಮುಂಚೆ ಹಂಚು ಕೈಯಾಡಿಸದಿದ್ದರೆ ಆಷಾಢ ದಾಟುವಂತಿರಲಿಲ್ಲ. ಬಯಲ ಕಡೆಯ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಮೊದಲ ಮಳೆಗೇ ಒಳಗೆ ನೀರು. ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ಮನೆಯನ್ನು ಮೇಲಿಂದ ನೋಡುತ್ತಿದ್ದರು. ಈಗ ಊರಂಚಿನ ಪ್ಲಾಟುಗಳಲ್ಲಿ ಬಾಡಿಗೆಗೆಂದೇ ಕಟ್ಟಿದ ಆರ್‌ಸಿಸಿ ಮನೆಗಳ ಸಾಲು. ಸ್ಲ್ಯಾಬ್ ಹಾಕಿದರೆ ಮುಗಿಯಿತು, ಇನ್ನು ನೋಡಬೇಕಾಗಿಲ್ಲ ಎಂಬ ನಂಬಿಕೆ. ಆದರೆ ಕೂದಲೆಳೆಯ ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದ್ದು ಕಾಂಕ್ರೀಟನ್ನು ಸೀಳಿ ಉದುರಿಸುತ್ತದೆ. ಮಣ್ಣಿನ ಮಾಳಿಗೆ ಮೊದಲ ಮಳೆಯಲ್ಲೇ ದೂರು ಹೇಳುತ್ತಿತ್ತು. ಸಿಮೆಂಟು ಹತ್ತಾರು ವರ್ಷ ಸುಮ್ಮನಿರುತ್ತದೆ.

ಸೋರುವ ಮಾಳಿಗೆಯನ್ನು ಕನ್ನಡದ ನೆನಪಿನಲ್ಲಿ ಅಚ್ಚೊತ್ತಿದವರು ಶಿಗ್ಗಾವಿ ತಾಲೂಕಿನವರೇ ಆದ ಶಿಶುನಾಳ ಷರೀಫರು (1819–1889). ಅವರ ಹಾಡನ್ನು ನಾವು ದೇಹದ ಬಗೆಗೆ, ಅಜ್ಞಾನದ ಬಗೆಗೆ ಎಂದು ಅರ್ಥ ಮಾಡಿಕೊಂಡಿದ್ದೇವೆ, ಅದು ಸರಿಯೇ. ಆದರೆ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರ ಪಾಡು ಗೊತ್ತಿಲ್ಲದೆ ಆ ಹಾಡು ಹುಟ್ಟುತ್ತಿರಲಿಲ್ಲ. ಅಲ್ಲಿ ಹಾಡುವವನ ಸಂಕಟ ಮನೆ ಸೋರುತ್ತಿದೆ ಎಂಬುದಷ್ಟೇ ಅಲ್ಲ. ಕತ್ತಲಲ್ಲಿ ಮೇಲೆ ಹತ್ತಲು ತನ್ನಿಂದ ಆಗುತ್ತಿಲ್ಲ, ಹತ್ತುವವರು ಬೇರೆ ಯಾರೂ ಇಲ್ಲ ಎಂಬುದು. ಅವನು ತನ್ನ ಕೈಲಾಗದ್ದನ್ನು ಬಾಯಿಬಿಟ್ಟು ಹೇಳಿದ. ನಾನು ಅಷ್ಟನ್ನೂ ಮಾಡಲಿಲ್ಲ.

ಇದಕ್ಕೂ ಹಳೆಯ ಒಂದು ತಿಳಿವಳಿಕೆ ನಮ್ಮ ಶಾಸನಗಳಲ್ಲಿದೆ. ಹಾನಗಲ್ಲು ಪಾನುಂಗಲ್ಲಾಗಿ ಕದಂಬರ ರಾಜಧಾನಿಯಾಗಿದ್ದ ಕಾಲದ ಕನ್ನಡ ದಾನಶಾಸನಗಳಲ್ಲಿ ಪದೇ ಪದೇ ಕಾಣುವ ಮಾತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಮುರಿದದ್ದು, ಬಿರಿದದ್ದು, ಹಳತಾದದ್ದನ್ನು ಸರಿಪಡಿಸಲು ಇಷ್ಟು ಭೂಮಿ ಎಂದು ದಾನ ಕೊಡುತ್ತಿದ್ದರು. ಕಲ್ಲಿನಲ್ಲಿ ಕಟ್ಟಿದವರು, ಕಟ್ಟುವಾಗಲೇ, ಇದು ಬಿರಿಯುತ್ತದೆ ಎಂದು ಒಪ್ಪಿಕೊಂಡಿದ್ದರು. ಬಿರುಕಿಗೆಂದು ಆದಾಯವನ್ನೂ ತೆಗೆದಿಟ್ಟಿದ್ದರು. ದೇವರ ಮನೆಗೆ ಸಲ್ಲುವ ಈ ವಿವೇಕ ಮನುಷ್ಯರ ಮನೆಗೇಕೆ ಸಲ್ಲಬಾರದು? ಬಾಡಿಗೆಯ ಒಂದು ಪಾಲು ಮನೆಯದೇ ಎಂದು ಮೊದಲೇ ಎತ್ತಿಟ್ಟರೆ, ಮಳೆಗಾಲದಲ್ಲಿ ಮಾಲಕನಿಗೂ ಬಾಡಿಗೆದಾರನಿಗೂ ಮುಖ ಗಂಟಿಕ್ಕಿಕೊಳ್ಳುವ ಪ್ರಮೇಯ ಬಾರದು.

ಮಾಲಕರೆಂದರೆ ಸಾಹುಕಾರರು ಎಂದು ಭಾವಿಸುವುದೂ ತಪ್ಪು. ಸಣ್ಣ ಊರುಗಳಲ್ಲಿ ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಹಿಂದಿನ ಒಂದರಲ್ಲಿ ಬದುಕುವ ಮುದುಕಿಯರಿದ್ದಾರೆ. ಆ ಬಾಡಿಗೆ ಅವರ ಗುಳಿಗೆಯ ದುಡ್ಡು. ನಾಲ್ವರು ಅಣ್ಣತಮ್ಮಂದಿರ ಪಾಲಿನಲ್ಲಿ ಸಿಕ್ಕಿ, ಯಾರೂ ಕೈಹಾಕದೆ ಕುಸಿಯುವ ಮನೆಗಳಿವೆ. ಹಾಗೆಂದು ಮಾಲಕನ ಹೊಣೆ ಇಲ್ಲವಾಗುವುದಿಲ್ಲ. ದುರಸ್ತಿಯ ಖರ್ಚು ಬಾಡಿಗೆ ಉಣ್ಣುವವನದೇ. ಆದರೆ ಖರ್ಚಿಗಿಂತ ಮೊದಲಿನ ಹೊಣೆಯೊಂದಿದೆ, ಅದು ತಿಳಿದವನದು. ಆ ಮನೆಯ ಬಿರುಕು ಮಾಲಕನಿಗೆ ಕಾಣುತ್ತಿರಲಿಲ್ಲ. ಅದರ ಕೆಳಗೆ ದಿನಾ ಅನ್ನ ಬೇಯಿಸುತ್ತಿದ್ದವನಿಗೆ ಕಾಣುತ್ತಿತ್ತು. ಒಡೆತನ ಅವರದಾಗಿದ್ದರೂ ಅರಿವು ನನ್ನದಾಗಿತ್ತು. ಗೋಡೆಯ ಸವಕಳಿಯನ್ನು ಕಾನೂನು ಸಹಜವೆಂದು ಮನ್ನಿಸೀತು, ನನ್ನ ಮೌನ ಆ ಸವಕಳಿಯಲ್ಲಿ ಸೇರುವುದಿಲ್ಲ.

ಹೇಳಿದ್ದರೆ ಬಾಡಿಗೆ ಏರುತ್ತಿತ್ತೇನೋ. ಮನೆ ಬಿಡಿ ಎಂದೂ ಅನ್ನುತ್ತಿದ್ದರೇನೋ. ಬಾಡಿಗೆದಾರನ ಈ ಭಯ ಸುಳ್ಳಲ್ಲ, ಹನ್ನೊಂದು ತಿಂಗಳ ಕಾಗದ ಹಿಡಿದವನಿಗೆ ಧೈರ್ಯ ಹೇಳುವುದು ಸುಲಭವೂ ಅಲ್ಲ. ಆದರೆ ಮನೆ ಬಿಡುವ ದಿನ ಆ ಭಯವೂ ಇರುವುದಿಲ್ಲ. ಅಂದೂ ನಾನು ಕೀಲಿ ಕೊಟ್ಟು, ಮುಂಗಡ ಎಣಿಸಿಕೊಂಡು ಬಸ್ಸು ಹತ್ತಿದೆ.

ಆಮೇಲೆ ಮೂರು ಮನೆ ಬದಲಿಸಿದ್ದೇನೆ. ಈಗ ಮನೆ ಬಿಡುವಾಗ ಒಂದು ಹಾಳೆಯಲ್ಲಿ ಬರೆದಿಡುತ್ತೇನೆ: ಯಾವ ಮೂಲೆ ಸೋರುತ್ತದೆ, ಯಾವ ಸ್ವಿಚ್ಚು ಶಾಕ್ ಹೊಡೆಯುತ್ತದೆ, ಬಚ್ಚಲಿನ ನೀರು ಎಲ್ಲಿ ನಿಲ್ಲುತ್ತದೆ. ಒಂದು ಪ್ರತಿ ಮಾಲಕರ ಕೈಗೆ, ಇನ್ನೊಂದು ಅಡುಗೆಮನೆಯ ಗೂಡಿನಲ್ಲಿ. ಕಳೆದ ಸಲದ ಮಾಲಕರು ಅದನ್ನೋದಿ, "ಇಷ್ಟ್ ದಿನಾ ಯಾಕ ಹೇಳಲಿಲ್ರಿ?" ಅಂದರು. ಉತ್ತರ ಹೊಳೆಯದೆ ಸುಮ್ಮನೆ ನಿಂತೆ.