ವಂಶವೃಕ್ಷದಲ್ಲಿ ಇಲ್ಲದ ಅಜ್ಜಿಯರು

ನಮ್ಮಲ್ಲಿ ಅನೇಕರಿಗೆ ಮುತ್ತಜ್ಜನ ಹೆಸರು ಗೊತ್ತು. ಮುತ್ತಜ್ಜಿಯದ್ದು? ಹೆಚ್ಚಿನವರು ಮೌನವಾಗುತ್ತಾರೆ.

ಪೂರ್ವಿಕರನ್ನು ಅರಸುವವರಿಗೆ ಆಕರಗಳ ಕೊರತೆಯಿಲ್ಲ. ಜಮೀನಿನ ಪಹಣಿ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕ, ಗೋರಿಕಲ್ಲು, ಬೆಂಗಳೂರಿನ ರಾಜ್ಯ ಪತ್ರಾಗಾರ ಎಲ್ಲವೂ ಇವೆ. ಜನಗಣತಿ ಮಾತ್ರ ನೆರವಾಗದು. 1948ರ ಕಾನೂನಿನಂತೆ ವ್ಯಕ್ತಿಗಳ ವಿವರ ಗೋಪ್ಯ.

ಆದರೆ ಈ ಕಾಗದಗಳು ಯಾರನ್ನು ನೆನಪಿಟ್ಟುಕೊಂಡಿವೆ? ಪಹಣಿ ಜಮೀನಿದ್ದವರನ್ನು, ಶಾಲೆಯ ಪುಸ್ತಕ ಓದಲು ಹೋದವರನ್ನು. ಬೀಡಿ ಕಟ್ಟಿ ಮನೆ ಸಾಕಿದವಳು ಎರಡರಲ್ಲೂ ಇಲ್ಲದಿರಬಹುದು. ಮಸೀದಿಯ ಹಳೆಯ ನಿಕಾಹ್ ದಫ್ತರಕ್ಕೆ ಬೆಲೆ ಬರುವುದು ಇಲ್ಲಿಯೇ. ಅದರಲ್ಲಿ ವಧುವಿನ ಹೆಸರಿದೆ, ಅವಳಿಗೆ ಸಲ್ಲಬೇಕಾದ ಮಹ್ರ್ ಇದೆ. ಜಮೀನಿಲ್ಲದ ಹೆಣ್ಣೂ ಅಲ್ಲಿ ಹಕ್ಕುಳ್ಳ ವ್ಯಕ್ತಿ. ಅಂಥ ದಫ್ತರವನ್ನು ಗೆದ್ದಲಿಗೆ ಬಿಡುವುದು ಬರೀ ಅಸಡ್ಡೆಯಲ್ಲ, ಅನ್ಯಾಯ.

ಅದಕ್ಕೂ ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ, ಬರೆದಿಡಿ. ಕಾಗದ ಕಾಯುತ್ತದೆ, ಅವರ ಆಯುಷ್ಯ ಕಾಯುವುದಿಲ್ಲ.

ಮನೆತನದ ಹಿರಿಮೆ ಸಾರಬೇಕೆನ್ನುವವನಿಗೆ ಒಬ್ಬ ಪ್ರಸಿದ್ಧ ಪೂರ್ವಜ ಸಿಕ್ಕರೆ ಸಾಕು, ಹುಡುಕಾಟ ಮುಗಿಯುತ್ತದೆ. ತನ್ನ ಬದುಕು ಯಾರ ದುಡಿಮೆಯ ಋಣವೆಂದು ತಿಳಿಯಬೇಕೆನ್ನುವವನು ಯಾರೂ ಬರೆದಿಡದ ಹೆಸರುಗಳನ್ನೂ ಹುಡುಕಲೇಬೇಕು.