ಅಜ್ಜಿಯ ಋಣ

ಮನೆಯ ಹಿರಿಯರು ತೀರಿಕೊಂಡಾಗ ನೆಂಟರಿಷ್ಟರು ಬಂದು ಸಮಾಧಾನ ಹೇಳುವುದುಂಟು: ‘ಅವರ ನಮ್ಮ ಋಣ ಇಷ್ಟೇ ಇತ್ತು ಅಂತ ತಿಳ್ಕೊಳ್ಳಿ.’ ದುಃಖದ ಹೊತ್ತಿನಲ್ಲಿ ಈ ಮಾತಿಗೆ ಬೆಲೆಯಿದೆ. ಆದರೆ ಋಣವೆಂಬ ಕಲ್ಪನೆಯನ್ನು ಬೆಳೆಸಿದವರು ಹೀಗೆ ಯೋಚಿಸಿರಲಿಲ್ಲ. ಹಿರಿಯರು ಕಣ್ಮುಚ್ಚಿದರೂ ಅವರ ಋಣ ಉಳಿದೇ ಇರುತ್ತದೆ, ಅದನ್ನು ತೀರಿಸುವ ಹೊಣೆ ಉಳಿದವರ ಹೆಗಲಿಗೆ ಬರುತ್ತದೆ ಎಂಬುದು ಅವರ ತಿಳಿವಳಿಕೆ. ಪ್ರೀತಿಯ ಅಜ್ಜಿಯೊಬ್ಬಳನ್ನು ನೆನೆಯುವುದೆಂದರೆ ಏನು ಎಂದು ಕೇಳಿಕೊಂಡಾಗ, ನನಗೆ ಸಿಗುವ ಅತ್ಯಂತ ಗಟ್ಟಿ ಉತ್ತರ ಇಲ್ಲಿಯೇ ಇದೆ.

ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣ ಹೊತ್ತಿರುತ್ತಾನೆ. ಋಷಿಗಳ ಋಣವನ್ನು ಬ್ರಹ್ಮಚರ್ಯದಿಂದ, ಅಂದರೆ ಓದಿನಿಂದ ತೀರಿಸಬೇಕು. ದೇವತೆಗಳದ್ದನ್ನು ಯಜ್ಞದಿಂದ, ಪಿತೃಗಳದ್ದನ್ನು ಸಂತಾನದಿಂದ. ಶತಪಥ ಬ್ರಾಹ್ಮಣ ಇದನ್ನು ಇನ್ನೂ ವಿಸ್ತರಿಸಿತು. ಇರುವವರೆಲ್ಲರೂ ಋಣಿಗಳೇ ಎಂದು ಹೇಳಿ, ಮನುಷ್ಯಋಣ ಎಂಬ ನಾಲ್ಕನೆಯದನ್ನು ಸೇರಿಸಿತು. ಮನೆಗೆ ಬಂದವರಿಗೆ ಅನ್ನ, ನೆರಳು ಕೊಡುವುದರಿಂದ ಅದು ತೀರುತ್ತದೆ.

ಇವುಗಳಲ್ಲಿ ಪಿತೃಋಣದ ಲೆಕ್ಕವೇ ವಿಚಿತ್ರ. ಪಡೆದದ್ದು ಹಿರಿಯರಿಂದ, ಕೊಡಬೇಕಾದದ್ದು ಕಿರಿಯರಿಗೆ. ಯಾವ ಸೊಸೈಟಿಯ ಸಾಲವೂ ಹೀಗೆ ತೀರುವುದಿಲ್ಲ. ಕೊಟ್ಟವಳಿಗೆ ಹಿಂದಿರುಗಿಸಲು ಬಾರದಂಥ ಉಪಕಾರಕ್ಕೆ ನಮ್ಮವರು ಕಂಡುಕೊಂಡ ದಾರಿಯಿದು: ಅವಳು ನಮಗೆ ಮಾಡಿದ್ದನ್ನು ನಾವು ಮುಂದಿನವರಿಗೆ ಮಾಡುವುದು.

ಇಲ್ಲೊಂದು ಗಂಭೀರವಾದ ಆಕ್ಷೇಪವಿದೆ. ನಾನು ಕೇಳಿ ಪಡೆಯದ ಸಾಲಕ್ಕೆ ನಾನೇಕೆ ಹೊಣೆ? ಒಪ್ಪಿಗೆಯಿಲ್ಲದೆ ಕಟ್ಟುಪಾಡಿಲ್ಲ ಎಂಬುದು ಈ ಕಾಲದ ನ್ಯಾಯ, ಅದು ಸುಮ್ಮನೆ ಬಂದದ್ದಲ್ಲ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತ ಮಾಡಿದ ನಾಡು ನಮ್ಮದು. ಆದರೂ ಒಪ್ಪಂದಕ್ಕೆ ಸಹಿ ಹಾಕಲು ಮೊದಲು ಒಬ್ಬ ಬೆಳೆದ ಮನುಷ್ಯ ಬೇಕು. ಅವನಿಗೆ ಮಾತು ಕಲಿಸಿ, ಉಣಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಆ ಕೈಗೆ ಸಹಿ ಹಾಕುವ ಶಕ್ತಿ ಕೊಟ್ಟವರು ಯಾವ ಒಪ್ಪಂದವನ್ನೂ ಕೇಳಿರಲಿಲ್ಲ. ಋಣ ಆ ಒಪ್ಪಂದಗಳಿಗಿಂತ ಹಿಂದಿನದು. ಪಶ್ಚಿಮದಲ್ಲೂ ಇದಕ್ಕೆ ಹತ್ತಿರದ ವಿಚಾರವಿತ್ತು. ಫ್ರೆಂಚ್ ಕ್ರಾಂತಿಯನ್ನು ಟೀಕಿಸುತ್ತ ಎಡ್ಮಂಡ್ ಬರ್ಕ್ 1790ರಲ್ಲಿ, ಸಮಾಜವೆಂದರೆ ಸತ್ತವರು, ಬದುಕಿರುವವರು, ಇನ್ನೂ ಹುಟ್ಟದವರು ಸೇರಿದ ಪಾಲುದಾರಿಕೆ ಎಂದು ವಾದಿಸಿದ.

ಕೊಡಗಿನಲ್ಲಿ ಬೆಳೆದವರಿಗೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಕೊಡವರ ಒಕ್ಕದ, ಅಂದರೆ ಮನೆತನದ, ಬಗ್ಗೆ ಬರೆಯುತ್ತ ಎಂ. ಎನ್. ಶ್ರೀನಿವಾಸ್ 1952ರ ತಮ್ಮ ಗ್ರಂಥದಲ್ಲಿ ಇದನ್ನು ಗುರುತಿಸಿದ್ದಾರೆ: ಒಕ್ಕವು ಈ ಹೊತ್ತು ಬದುಕಿರುವವರಷ್ಟೇ ಸೇರಿ ಆದ ಗುಂಪಲ್ಲ, ಅದು ಕಾಲದ ಉದ್ದಕ್ಕೂ ಹಬ್ಬಿದ್ದು, ಬದುಕಿರುವವರು ಅದರ ಮೇಲಿನ ಬಿಂದುಗಳು ಮಾತ್ರ. ಒಕ್ಕದ ಮೂಲಮನೆಯಾದ ಐನ್‌ಮನೆಯ ನಡುಕೋಣೆ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುವ ದೀಪದ ಬಳಿ ಹಬ್ಬದ ದಿನ ಹಿರಿಯರಿಗೆ ಮೀದಿ ಎಂಬ ಎಡೆ ಇಡುತ್ತಾರೆ. ಹಿರಿಯರ ಗುಡಿಯಾದ ಕೈಮಡದಲ್ಲಿ ಕುಲದ ಮೂಲಪುರುಷನಿಗೆ ಪೂಜೆ ನಡೆಯುತ್ತದೆ. ಹಿರಿಯರಿಗೆ ಎಡೆ ಒಪ್ಪಿಸುವ ‘ಕಾರಣಂಗ್ ಕೊಡುವ’ ಆಚರಣೆಯಲ್ಲಿ ಅವನಿಗೆ ಮಾಂಸ, ಮದ್ಯ ಒಪ್ಪಿಸುತ್ತಾರೆ. ಬದುಕಿದ್ದಾಗ ಇಷ್ಟಪಟ್ಟು ತಿಂದದ್ದೇ ಎಲೆಗೆ ಬರುತ್ತದೆ. ಸತ್ತವರನ್ನು ಅಮೂರ್ತ ಮಾಡದೆ, ಹಸಿವು ರುಚಿಗಳಿರುವ ಮನೆಯವರನ್ನಾಗಿಯೇ ಉಳಿಸಿಕೊಳ್ಳುವ ಈ ರೀತಿಯನ್ನು ನಾನು ತುಂಬ ಗೌರವಿಸುತ್ತೇನೆ.

ಆದರೆ ಮೂಲಪುರುಷನೇ ಏಕೆ? ಪಿತೃಋಣದ ಭಾಷೆ ಗಂಡಸರದ್ದು, ತೀರಿಸುವವನು ಗಂಡುಮಗ. ಶ್ರಾದ್ಧದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರೂ ಬರುತ್ತದೆ ನಿಜ. ಆದರೆ ಪಿಂಡ ಇಡುವ ಕೈ ಸಾಮಾನ್ಯವಾಗಿ ಮಗನದು. ಋಣದ ಕಲ್ಪನೆಯಲ್ಲಿರುವ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ. ಏಕೆಂದರೆ ಮನೆಯ ಹಬ್ಬ, ಅಡುಗೆ, ಮದ್ದು, ದೇವರು, ಗಿಡಮರಗಳ ತಿಳಿವು ಮುಂದಿನವರ ಕೈಗೆ ಬಂದದ್ದು ಬಹುಪಾಲು ಅಜ್ಜಿಯರಿಂದ.

ಕಾವೇರಿ ಸಂಕ್ರಮಣದಲ್ಲಿ ಮಾತ್ರ ಈ ಕೊರತೆ ಕಾಣುವುದಿಲ್ಲ. ಅಕ್ಟೋಬರ್ 17ರ ಆಸುಪಾಸಿನಲ್ಲಿ, ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಯಲ್ಲಿ ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುತ್ತದೆ. ಮನೆಗಳಲ್ಲಿ ನಡೆಯುವ ಕಣಿಪೂಜೆ ಹೆಂಗಸರ ಪೂಜೆ. ಹರಿವಾಣದಲ್ಲಿ ಅಕ್ಕಿ ಹರವಿ, ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಮನೆಯ ಒಡವೆಯನ್ನೇ ತೊಡಿಸಿ, ಬಳೆ, ಹೂವು, ವೀಳ್ಯದೆಲೆ ಜೋಡಿಸಿ ಕಾವೇರಿಯನ್ನು ಕೂರಿಸುತ್ತಾರೆ. ನಮ್ಮ ಅಜ್ಜಿ ರೇಷ್ಮೆಯ ತುಂಡಿಗೆ ಪುಟ್ಟ ನೆರಿಗೆ ಹಿಡಿದು ಹಿಂದಕ್ಕೆ ಸಿಕ್ಕಿಸುತ್ತಿದ್ದಳು, ತಾನು ಸೀರೆ ಉಟ್ಟ ರೀತಿಯಲ್ಲೇ. ಬಲಮುರಿಯಲ್ಲಿ ಕಾವೇರಿ ರಭಸದಿಂದ ಹರಿದಾಗ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತೆಂದೂ ಅಂದಿನಿಂದ ಕೊಡವ ಸೀರೆಯ ರೀತಿ ಹಾಗೆಯೇ ಉಳಿಯಿತೆಂದೂ ಕತೆ. ನೆರಿಗೆ ಕೂತ ಮೇಲೆ ಅಜ್ಜಿ ಕೈಮುಗಿಯುತ್ತಿದ್ದಳು, ಆಮೇಲೆ ಸೊಸೆಯರು, ಆಮೇಲೆ ನಾವು. ಕೊನೆಗೆ ಎಲ್ಲರೂ ಅವಳ ಕಾಲಿಗೆ. ಒಂದೇ ಬೆಳಗಿನಲ್ಲಿ ನದಿ ಮನೆಯ ಹಿರಿಯಳಾಗುತ್ತಿತ್ತು, ಮನೆಯ ಹಿರಿಯಳು ನದಿಯ ಸಾಲಿಗೆ ಸೇರುತ್ತಿದ್ದಳು. ದೇವಋಣ ಎಲ್ಲಿ ಮುಗಿದು ಪಿತೃಋಣ ಎಲ್ಲಿ ಶುರುವಾಯಿತೆಂದು ಅಲ್ಲಿ ಬಿಡಿಸಿ ಹೇಳಲಾಗದು.

ಅಜ್ಜಿಯ ಭಕ್ತಿಗೂ ಕಾಡಿಗೂ ನಡುವೆಯೂ ಗಡಿ ಇರಲಿಲ್ಲ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪು ಕೊಯ್ಯುವಾಗ ಗಿಡ ಬೋಳಾಗದಂತೆ ಕೊಯ್ಯಬೇಕು. ದೇವರಕಾಡಿನೊಳಗೆ ಚಪ್ಪಲಿ ಬಿಟ್ಟು ಹೋಗಬೇಕು. ಒಣ ಕಡ್ಡಿಯನ್ನೂ ಎತ್ತಬಾರದು. ‘ಅದು ಅಯ್ಯಪ್ಪನದು, ನಮ್ಮದಲ್ಲ’ ಎನ್ನುತ್ತಿದ್ದಳು. ಬೇಟೆಯ ದೇವರಾದ ಅವನಿಗೆ ಹರಕೆಯೊಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಪಾಚಿ ಹಿಡಿದು ನಿಂತಿರುತ್ತಿದ್ದವು. ಭಯವೇ ಆ ಕಾಡನ್ನು ಉಳಿಸಿತು ಎನ್ನುವವರಿದ್ದಾರೆ. ನನಗೆ ಕಂಡದ್ದು ಬೇರೆ. ಅಜ್ಜಿಗೆ ಅಲ್ಲಿ ಭಯಕ್ಕಿಂತ ಸಂಕೋಚವಿತ್ತು, ಇನ್ನೊಬ್ಬರ ಮನೆಯಲ್ಲಿರುವಾಗ ಮರ್ಯಾದಸ್ಥರಿಗೆ ಇರುವಂಥದ್ದು.

ಕೊಡಗಿನಲ್ಲಿ 1,214 ದೇವರಕಾಡುಗಳು ದಾಖಲಾಗಿವೆ. ವಿಸ್ತೀರ್ಣದ ಕತೆ ಮಾತ್ರ ನೋವಿನದು: 1873ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಅಂಚಿನಲ್ಲಿ ಕಾಫಿ ನುಗ್ಗಿತು, ಮನೆಗಳೆದ್ದವು. ಅದೇ ಕಾಡಿನ ದೇವರ ಹಬ್ಬಕ್ಕೆ ಜನ ಈಗಲೂ ತಪ್ಪದೆ ಬರುತ್ತಾರೆ. ದೇವರ ಪೂಜೆ ನಡೆಯುತ್ತಿದೆ, ಋಣ ಬೆಳೆಯುತ್ತಿದೆ. ಎರಡೂ ಒಟ್ಟಿಗೇ ಸಾಧ್ಯ ಎಂಬುದು ನಾವು ಒಪ್ಪಿಕೊಳ್ಳಬೇಕಾದ ಸತ್ಯ.

ತೋಟಗಳಲ್ಲೂ ಹೀಗೆಯೇ ಆಗಿದೆ. ಕಾಡುಮರಗಳ ನೆರಳಲ್ಲಿ ಬೆಳೆದ ಕಾಫಿಗೆ ಈಗ ಹಲವೆಡೆ ಸಿಲ್ವರ್ ಓಕ್ ನೆರಳು. ದುರಾಸೆಯೊಂದನ್ನೇ ದೂರಿದರೆ ಅನ್ಯಾಯವಾದೀತು. ಎಷ್ಟೋ ಹಿಡುವಳಿಗಳಲ್ಲಿ ಹಳೆಯ ಜಾತಿಯ ಮರಗಳ ಹಕ್ಕು ಬೆಳೆಗಾರನಿಗಿಲ್ಲ, ಸರ್ಕಾರಕ್ಕಿದೆ. ಸಿಲ್ವರ್ ಬೇಗ ಬೆಳೆಯುತ್ತದೆ, ಕಡಿದು ಮಾರುವುದು ಸಲೀಸು. ತನ್ನದಲ್ಲದ ಬೀಟೆಯನ್ನು ಮೊಮ್ಮಕ್ಕಳಿಗಾಗಿ ಕಾಯಿರಿ ಎಂದರೆ ಯಾರು ಕೇಳುತ್ತಾರೆ? ಋಣಪ್ರಜ್ಞೆ ಕಷ್ಟವಾಗುವಂತೆ ಕಾನೂನು ಬರೆದಿಟ್ಟು, ಜನರಲ್ಲಿ ಅದು ಕಡಿಮೆಯಾಯಿತೆಂದು ಕೊರಗುವುದು ಸರಿಯಲ್ಲ.

ಮಕ್ಕಳಿಲ್ಲದವರು ಪಿತೃಋಣವನ್ನು ಹೇಗೆ ತೀರಿಸಬೇಕು ಎಂದು ಕೆಲವರು ಕೇಳುತ್ತಾರೆ. ಗ್ರಂಥಗಳ ಉತ್ತರ ಸಂತಾನಕ್ಕೆ, ದತ್ತಕಕ್ಕೆ ನಿಲ್ಲುತ್ತದೆ. ಅಜ್ಜಿಯನ್ನು ನೋಡಿ ಬೆಳೆದವನಾಗಿ ನಾನು ಇಷ್ಟು ಸೇರಿಸುತ್ತೇನೆ: ಊರಿನ ದೇವರಕಾಡಿನ ಗಡಿ ಸರ್ವೆಯಾಗುವ ದಿನ ಹೋಗಿ ನಿಲ್ಲುವವನು, ಪಾಲು ಮಾಡುವಾಗ ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಯಲ್ಲಿ ತೊರೆಯ ಪಕ್ಕದ ಮರಗಳನ್ನು ಯಾರ ಪಾಲಿಗೂ ಹಾಕದೆ ಬಿಡೋಣ ಎಂದು ಹೇಳುವವಳು, ಪಕ್ಕದ ಮನೆಯ ಮಗುವಿಗೆ ಮದ್ದು ಸೊಪ್ಪಿನ ಗಿಡ ತೋರಿಸಿಕೊಡುವವಳು, ಇವರೆಲ್ಲ ತೀರಿಸುತ್ತಿರುವುದು ಅದೇ ಋಣವನ್ನು. ಅಜ್ಜಿಯ ತಿಥಿಗೆ ಅವಳಿಗಿಷ್ಟವಾದ ಕಡುಬು ಮಾಡುತ್ತೇವೆ, ಮಾಡಲೇಬೇಕು. ತೊರೆಯ ಪಕ್ಕದ ಮರಗಳ ಮಾತನ್ನು ಅಂದೇ ಊಟಕ್ಕೆ ಕೂತಾಗ ಎತ್ತುವುದು ಒಳ್ಳೆಯದು, ಪಾಲುದಾರರೆಲ್ಲ ಒಟ್ಟಿಗೆ ಸಿಗುವುದು ಆ ದಿನವೇ.